ಹಳೆಯ ಬಂಡಿ, ಹೊಸ ಎಂಜಿನ್ನು

ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜನ್ ಭಾರತ ನೇಪಾಳಗಳ ಗಡಿಗೆ ಅಂಟಿಕೊಂಡಿರುವ ಪುಟ್ಟ ಊರು. ಅಲ್ಲಿಂದ ಸಂದಕ್‌ಫು ಶಿಖರಕ್ಕೆ 31 ಕಿಲೋಮೀಟರು. ದೂರವನ್ನು ಮಾತ್ರ ಕೇಳಿದರೆ ಒಂದು ಗಂಟೆಯ ಪಯಣವೆನ್ನಿಸೀತು. ಆದರೆ ಶಿಖರದ ಎತ್ತರ 11,900 ಅಡಿಗೂ ಮಿಗಿಲು. ದಾರಿಯೋ ಬಹುಕಾಲ ಬರಿಯ ಕಲ್ಲುಗುಂಡುಗಳ ಹಾಸು. ಈಗ ಅದರ ಕೆಲವು ಭಾಗಕ್ಕೆ ಕಾಂಕ್ರೀಟು ಬಿದ್ದಿದೆ. ಕಾಂಚನಗಂಗೆಯನ್ನೂ ಎವರೆಸ್ಟನ್ನೂ ಕಾಣಬೇಕೆಂದು ಬಂದ ಯಾತ್ರಿಕರನ್ನು ಹತ್ತಾರು ವರ್ಷಗಳಿಂದ ಈ ಏರಿನಲ್ಲಿ ಹೊತ್ತು ತಂದಿರುವುವು 1950ರ ದಶಕದ ಲ್ಯಾಂಡ್ ರೋವರ್ ಬಂಡಿಗಳು. ಚಹಾ ತೋಟಗಳ ಆಂಗ್ಲ ಸಾಹೇಬರು ತರಿಸಿದ ಈ ವಾಹನಗಳು ಅವರು ಹೊರಟುಹೋದ ಮೇಲೆ ಊರಿನವರ ಕೈಗೆ ಬಂದುವು. 2018ರಲ್ಲಿ, ಲ್ಯಾಂಡ್ ರೋವರ್ ಹುಟ್ಟಿ 70 ವರ್ಷ ತುಂಬಿದಾಗ, ಅಲ್ಲಿ ನಲವತ್ತರಷ್ಟು ಬಂಡಿಗಳು ಓಡುತ್ತಿದ್ದುವು. ಕಂಪನಿಯವರೇ ಅಲ್ಲಿಗೆ ಹೋಗಿ ಅವುಗಳ ಚಿತ್ರ ತೆಗೆದರು.

ಇಂಥ ಬಂಡಿಯೊಂದನ್ನು ಕಂಡು ಹಿಗ್ಗಿದ ಹಳೆಯ ವಾಹನಗಳ ಪ್ರೇಮಿ, ಬಾನೆಟ್ಟನ್ನು ಎತ್ತಿಸಿ ನೋಡಿದೊಡನೆ ಮುಖ ಬಾಡಿಸಿಕೊಳ್ಳುತ್ತಾನೆ. ಒಳಗೆ ಮೂಲದ ಪೆಟ್ರೋಲ್ ಎಂಜಿನ್ನಿನ ಸುಳಿವಿಲ್ಲ. ಅನೇಕ ಬಂಡಿಗಳಲ್ಲಿ ಕುಳಿತಿರುವುದು ಮಹೀಂದ್ರಾ ಡೀಸೆಲ್ ಎಂಜಿನ್ನು. ಅಪೂರ್ವ ವಸ್ತುವೊಂದನ್ನು ಕೆಡಿಸಿಬಿಟ್ಟರಲ್ಲಾ ಎಂದು ಅವನು ಮರುಗುತ್ತಾನೆ.

ಮರುಕ ಸಹಜ, ಆದರೆ ನ್ಯಾಯವಾದುದಲ್ಲ. ಅಲ್ಲಿನ ಚಾಲಕನಿಗೆ ಬಂಡಿಯೆಂದರೆ ಮನೆಯ ಅನ್ನ. ಅರುವತ್ತು ವರ್ಷ ಹಳೆಯ ಎಂಜಿನ್ನಿಗೆ ಬೇಕಾದ ಬಿಡಿಭಾಗ ಆ ಬೆಟ್ಟದ ಊರಿನಲ್ಲಿ ಎಲ್ಲಿ ದೊರಕಬೇಕು? ದೊರೆತರೂ, ಅದರ ಬೆಲೆ ತೆತ್ತು, ಪೆಟ್ರೋಲು ಸುರಿದು, ಅವನು ಗಳಿಸುವುದೇನು? ಸುಲಭವಾಗಿ ಸಿಗುವ, ಹತ್ತಿರದ ಮೆಕ್ಯಾನಿಕ್ಕನು ಬಲ್ಲ ಎಂಜಿನ್ನನ್ನು ಕೂರಿಸಿಕೊಂಡದ್ದರಿಂದಲೇ ಆ ಬಂಡಿಗಳು ಇಷ್ಟು ಕಾಲ ಬದುಕಿದುವು. ಮೂಲವನ್ನೇ ಹಿಡಿದು ಕುಳಿತಿದ್ದರೆ ಅವು ಎಂದೋ ಗುಜರಿಯವನ ತಕ್ಕಡಿಯನ್ನು ಏರುತ್ತಿದ್ದುವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಹಳೆಯ ಜೀಪು ಮೂಟೆ ಹೊರುವುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟೇ ಅಲ್ಲ, ಈ ವಾಹನದ ಹುಟ್ಟೇ ಅಂಥದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗ್ಲ್‌ಸಿ ದ್ವೀಪದ ತನ್ನ ಹೊಲದಲ್ಲಿ ಅಮೆರಿಕದ ಸೇನೆ ಬಿಟ್ಟುಹೋದ ಜೀಪೊಂದನ್ನು ದುಡಿಸಿಕೊಳ್ಳುತ್ತಿದ್ದ. ಅದು ಸವೆದುಹೋದ ಮೇಲೆ ಗತಿಯೇನೆಂಬ ಯೋಚನೆಯಲ್ಲಿ ಹೊಳೆದುದೇ ಲ್ಯಾಂಡ್ ರೋವರ್. 1947ರ ಮೊದಲ ಮಾದರಿಯನ್ನು ಕಟ್ಟಿದ್ದು ಜೀಪಿನದೇ ಚಾಸಿಯ ಮೇಲೆ. ಉಕ್ಕಿಗೆ ಬರಗಾಲವಾದ್ದರಿಂದ ಮೈಗೆ ಅಲ್ಯುಮಿನಿಯಮ್ ಮಿಶ್ರಲೋಹದ ತಗಡು ಬಂದಿತು. ಹೊಲದಲ್ಲಿ ನಿಲ್ಲಿಸಿ ಅದರ ಎಂಜಿನ್ನಿನಿಂದಲೇ ಇತರ ಯಂತ್ರಗಳನ್ನು ತಿರುಗಿಸುವ ಏರ್ಪಾಡನ್ನೂ ಮಾಡಿದ್ದರು. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವುದೇ ಅದರ ಜಾತಕ. ಮಾನೇಭಂಜನ್ನಿನವರು ಆ ಜಾತಕಕ್ಕೆ ವಿರುದ್ಧವಾಗಿ ಏನನ್ನೂ ಮಾಡಿಲ್ಲ.

ಹಾಗೆಂದು ಎಲ್ಲ ಬಂಡಿಗಳಿಗೂ ಇದೇ ನ್ಯಾಯ ಸಲ್ಲದು. 1948ರ ಏಪ್ರಿಲಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೋಟಾರು ಪ್ರದರ್ಶನದಲ್ಲಿ ಲ್ಯಾಂಡ್ ರೋವರನ್ನು ಲೋಕಕ್ಕೆ ಮೊತ್ತಮೊದಲು ತೋರಿಸಿದರಷ್ಟೆ. ಅಂದು ನಿಲ್ಲಿಸಿದ್ದ ಬಂಡಿಗಳಲ್ಲೊಂದು 1960ರ ದಶಕದ ವರೆಗೆ ರಸ್ತೆಯಲ್ಲಿ ಓಡಿ, ಆ ಬಳಿಕ ವೇಲ್ಸಿನ ಹೊಲವೊಂದರಲ್ಲಿ 20 ವರ್ಷ ಬಿದ್ದಿತ್ತು. ಮುಂದೆ ಯಾರೋ ದುರಸ್ತಿ ಮಾಡುವ ಆಸೆಯಿಂದ ಕೊಂಡು, ಕೆಲಸ ಪೂರೈಸಲಾರದೆ, ತೋಟದಲ್ಲಿ ಬಿಟ್ಟಿದ್ದರು. ಅದು ಪತ್ತೆಯಾದುದು ತಾನು ಹುಟ್ಟಿದ ಸೋಲಿಹಲ್ ಕಾರ್ಖಾನೆಯಿಂದ ಕೆಲವೇ ಮೈಲಿಗಳಾಚೆ! ಮುಂದಿನ ಬಂಡಿಗಳಲ್ಲಿಲ್ಲದ ದಪ್ಪ ತಗಡು, ಸತುವಿನ ಲೇಪವಿದ್ದ ಚಾಸಿ, ಕಳಚಿ ತೆಗೆಯಬಹುದಾದ ಹಿಂಭಾಗ, ಇವೆಲ್ಲ ಅದರಲ್ಲಿ ಉಳಿದಿದ್ದುವು. ಇಂಥದಕ್ಕೆ ಡೀಸೆಲ್ ಎಂಜಿನ್ನು ಕೂರಿಸುವುದು ತಾಳೆಗರಿಯ ಕಟ್ಟನ್ನು ಕತ್ತರಿಸಿ ಬೀಸಣಿಗೆ ಮಾಡಿದಂತೆ. 2018ರಲ್ಲಿ ಕಂಪನಿಯವರು ಅದರ ಜೀರ್ಣೋದ್ಧಾರಕ್ಕೆ ಕೈಯಿಕ್ಕಿದಾಗ, ಕಾಲ ಮೂಡಿಸಿದ ಕಲೆಗಳನ್ನು ಅಳಿಸಬಾರದೆಂದು ಮೊದಲೇ ನಿಶ್ಚಯಿಸಿಕೊಂಡರು.

ವಿಚಿತ್ರವೆಂದರೆ, ಅದಕ್ಕೆ ಎರಡು ವರ್ಷ ಮೊದಲು, 2016ರಲ್ಲಿ, ಅದೇ ಕಂಪನಿ 25 ಹಳೆಯ ಬಂಡಿಗಳನ್ನು ಆರಿಸಿ, ಬಿಚ್ಚಿ, ಹೊಚ್ಚ ಹೊಸದರಂತೆ ಮಾಡಿ, ಒಂದೊಂದನ್ನು 60,000 ಪೌಂಡಿನಿಂದ ಮೇಲ್ಪಟ್ಟ ಬೆಲೆಗೆ ಮಾರುವ ಯೋಜನೆ ಹೂಡಿತ್ತು. ಕೊಳ್ಳುವವರಿಗೇನೋ ಹಬ್ಬ. ಆದರೆ ಹೀಗೆ ಥಳಥಳಿಸುವ ಬಂಡಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಮಾನೇಭಂಜನ್ನಿನ ಡೀಸೆಲ್ ಬಂಡಿಯಾದರೂ ತನ್ನ ಕಥೆಯನ್ನು ಮೈಮೇಲೆ ಹೊತ್ತು ತಿರುಗುತ್ತದೆ. ಇದಕ್ಕೆ ಹೇಳಿಕೊಳ್ಳಲು ಕಥೆಯೇ ಉಳಿದಿಲ್ಲ.

ಈ ವಿವೇಕ ನಮ್ಮ ಅಡಿಗೆಮನೆಗೆ ಹೊಸದಲ್ಲ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗೆ ಮತ್ತೆ ಮತ್ತೆ ಕಲಾಯಿ ಹಾಕಿಸುತ್ತೇವೆ. ಹಾಕಿಸದಿದ್ದರೆ ಅದರಲ್ಲಿ ಸಾರು ಕೆಟ್ಟೀತು. ಆದರೆ ಕಂಠದ ಮೇಲೆ ಕೊರೆಸಿದ ಅಜ್ಜಿಯ ಹೆಸರನ್ನು ಯಾರೂ ಉಜ್ಜಿ ತೆಗೆಸುವುದಿಲ್ಲ. ಬಂಡಿಯಲ್ಲಿಯೂ ಅಷ್ಟೆ. ಬೋಲ್ಟು ಬಿಚ್ಚಿ ಬದಲಿಸಿದ್ದನ್ನು ಮುಂದೊಮ್ಮೆ ಮೊದಲಿನಂತೆ ಮಾಡಬಹುದು. ಚಾಸಿಯನ್ನು ಕೊಯ್ದು ಬೆಸೆದದ್ದನ್ನು ಸರಿಪಡಿಸುವುದು ಕಷ್ಟ. ಎಂಜಿನ್ನನ್ನು ಬದಲಿಸಲೇಬೇಕಾದವರು ಹಳೆಯದಕ್ಕೆ ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಮೂಲೆಯಲ್ಲಿಟ್ಟರೂ ಸಾಕು, ಮೊಮ್ಮಕ್ಕಳು ಹರಸಿಯಾರು.

ಇನ್ನು ಓಡಿಸುವ ಮಾತು. ಕದಲದೆ ನಿಂತ ಬಂಡಿ ಸುರಕ್ಷಿತವೆಂಬುದು ಬರಿಯ ಭ್ರಮೆ. ಪೆಟ್ರೋಲು ಅಂಟಾಗುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ, ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಆದರೆ ಓಡಿಸಿದರೆ ಅಪಾಯವಿಲ್ಲವೆ? 1955ರ ಸೆಪ್ಟೆಂಬರಿನಲ್ಲಿ ಆರು ಮಂದಿ ತರುಣರು ‘ಆಕ್ಸ್‌ಫರ್ಡ್’, ‘ಕೇಂಬ್ರಿಜ್’ ಎಂಬ ಎರಡು ಲ್ಯಾಂಡ್ ರೋವರುಗಳಲ್ಲಿ ಲಂಡನ್ನಿನಿಂದ ಹೊರಟು, ಭಾರತ ಬರ್ಮಾಗಳನ್ನು ಹಾದು, 1956ರ ಮಾರ್ಚಿನಲ್ಲಿ ಸಿಂಗಪುರವನ್ನು ಮುಟ್ಟಿದರು. ಮುಂದಿನ ಯಾತ್ರೆಯೊಂದರಲ್ಲಿ ‘ಕೇಂಬ್ರಿಜ್’ ಇರಾನಿನ ಕಮರಿಗೆ ಉರುಳಿ ನಾಶವಾಯಿತು. ‘ಆಕ್ಸ್‌ಫರ್ಡ್’ ಅಟ್ಲಾಂಟಿಕ್ಕಿನ ನಡುವೆ, ನೆಪೋಲಿಯನ್ನನು ಸೆರೆಯಲ್ಲಿ ಸತ್ತ ಸೇಂಟ್ ಹೆಲೆನಾ ದ್ವೀಪದಲ್ಲಿ ಎಷ್ಟೋ ವರ್ಷ ಅಜ್ಞಾತವಾಗಿದ್ದು, 2017ರಲ್ಲಿ ಇಂಗ್ಲೆಂಡಿಗೆ ಮರಳಿತು.

ಜೋಡಿಯಲ್ಲಿ ಒಂದೇ ಉಳಿದಿದೆ. ಅದನ್ನು ಮತ್ತೆ ದಾರಿಗೆ ಇಳಿಸುವುದು ಸರಿಯೆ? ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇರಿಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಆ ಬಂಡಿಯ ಕೀರ್ತಿಯೆಲ್ಲ ಅದು ಓಡಿದ ದಾರಿಯಲ್ಲಿದೆ, ಅದರ ಬಣ್ಣದಲ್ಲಲ್ಲ. 2019ರ ಆಗಸ್ಟಿನಲ್ಲಿ, ಬೆಂಗಾವಲಿಗೆ ಹೊಸ ಗಾಡಿಗಳನ್ನಿರಿಸಿಕೊಂಡು, ಅದು ಸಿಂಗಪುರದಿಂದ ಲಂಡನ್ನಿಗೆ ಹೊರಟಿತು. ಮೊದಲ ಯಾತ್ರೆಯ ಕಥೆಯನ್ನು ಬರೆದ ಟಿಮ್ ಸ್ಲೆಸರ್ ತಮ್ಮ 87ನೆಯ ವಯಸ್ಸಿನಲ್ಲಿ ಹೊರಡಲು ಸಿದ್ಧರಾಗಿ ಸಿಂಗಪುರಕ್ಕೆ ಬಂದವರು, ಅಲ್ಲಿಯೇ ಕಾಯಿಲೆ ಬಿದ್ದರು. ಅವರಿಗೆಂದು ಇರಿಸಿದ್ದ ಸ್ಥಾನದಲ್ಲಿ ಮೊಮ್ಮಗ ನ್ಯಾಟ್ ಜಾರ್ಜ್ ಕುಳಿತ. ನೂರಕ್ಕೂ ಹೆಚ್ಚು ದಿನಗಳ ಬಳಿಕ, ಡಿಸೆಂಬರಿನ ಚಳಿಯಲ್ಲಿ, ಅಜ್ಜನ ಬಂಡಿ ಮೊಮ್ಮಗನೊಡನೆ ಲಂಡನ್ನನ್ನು ಸೇರಿತು.