ಈ ಹಾಡು ಯಾರದು?

ಭದ್ರಾವತಿಯ ಕಡೆಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಬಂದು ಹೋಗುವ ನಾವು ಏಳೆಂಟು ಮಂದಿ ವಿದ್ಯಾರ್ಥಿಗಳಿದ್ದೇವೆ. ದಾರಿಯ ಬೇಸರ ಕಳೆಯಲು ಒಂದು ಆಟ ಕಂಡುಕೊಂಡಿದ್ದೇವೆ. ಒಬ್ಬನು ಹಳೆಯ ಹಾಡೊಂದನ್ನು ಗುನುಗಬೇಕು. ಉಳಿದವರು ಅದನ್ನು ಬರೆದವರು ಯಾರೆಂದು ಊಹಿಸಿ ಹೇಳಬೇಕು. ಹಾಡಿದವರ ಹೆಸರು ಹೇಳಿದರೆ ಲೆಕ್ಕಕ್ಕಿಲ್ಲ. ಸೋತವನು ಸಂಜೆ ಎಲ್ಲರಿಗೂ ಕಾಫಿ ಕೊಡಿಸಬೇಕು. ಈ ಮೂರು ವರ್ಷಗಳಲ್ಲಿ ನಾನು ಕೊಡಿಸಿದ ಕಾಫಿಯ ಲೆಕ್ಕ ತಿಳಿದರೆ ನಮ್ಮ ತಂದೆ ನನ್ನನ್ನು ಕಾಲೇಜು ಬಿಡಿಸಿಯಾರು!

ನನ್ನ ಮೊದಲ ಸೋಲು ‘ದೋಣಿ ಸಾಗಲಿ’ ಹಾಡಿನಲ್ಲಿ. ಅದು 1965ರ ‘ಮಿಸ್ ಲೀಲಾವತಿ’ ಚಿತ್ರದಲ್ಲಿದೆಯೆಂದು ಬಲ್ಲೆ. ಸಿನಿಮಾದ ಹಾಡೆಂದ ಮೇಲೆ ಚಿ. ಉದಯಶಂಕರರದೇ ಸರಿ ಎಂದುಬಿಟ್ಟೆ. ಬರೆದವರು ನಮ್ಮ ಜಿಲ್ಲೆಯವರೇ ಆದ ಕುವೆಂಪು! ಮರುವಾರ ಗೆಳೆಯನೊಬ್ಬನು 1967ರ ‘ಬೆಳ್ಳಿಮೋಡ’ದಲ್ಲಿ ಬರುವ ಸೂರ್ಯೋದಯದ ಹಾಡನ್ನು ಗುನುಗಿದ. ಈ ಸಲ ಮೋಸಹೋಗಬಾರದೆಂದು, ಸೂರ್ಯೋದಯವೆಂದರೆ ಕುವೆಂಪು ಎಂದೆ. ಅದು ಬೇಂದ್ರೆಯವರ ‘ಬೆಳಗು’. ಮತ್ತೆ ಕಾಫಿಯ ದಂಡ.

ನಾವು ಹೀಗೇಕೆ ತಪ್ಪುತ್ತೇವೆ? ಕಂಠವನ್ನು ನಂಬಿ ಹೊರಡುತ್ತೇವೆ, ಮಾತನ್ನು ಗಮನಿಸುವುದಿಲ್ಲ. ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತೆಂದು ಹೆಮ್ಮೆಯಿಂದ ಹೇಳುವ ನಮ್ಮೂರಿನವರಲ್ಲಿ, ಅದನ್ನು ಬರೆದವರು ಚಂದ್ರಶೇಖರ ಕಂಬಾರರೆಂದು ಹೇಳುವವರೆಷ್ಟು ಮಂದಿ? 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಹೊರಬಂದ ‘ನಿತ್ಯೋತ್ಸವ’ವನ್ನು ಕೇಳದ ಕನ್ನಡಿಗನಿಲ್ಲ. ಅದರ ಕವಿ ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರಾಗಿ ಇದೇ ಊರಿನ ಸಹ್ಯಾದ್ರಿ ಕಾಲೇಜಿನಲ್ಲಿದ್ದರೆಂಬುದನ್ನು ನಾನು ತಿಳಿದದ್ದು ಮಾತ್ರ ಬಿ.ಎ. ಸೇರಿದ ಮೇಲೆ. ಇದು ನಮ್ಮೊಬ್ಬರ ದೋಷವೂ ಅಲ್ಲ. ಅಮೆರಿಕೆಯಲ್ಲಿ ಓಟಿಸ್ ರೆಡಿಂಗ್ ಎಂಬಾತ ‘ರೆಸ್ಪೆಕ್ಟ್’ ಎಂಬ ಹಾಡನ್ನು ತಾನೇ ಬರೆದು 1965ರಲ್ಲಿ ಹಾಡಿದ. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದ ಮೇಲೆ ಲೋಕಕ್ಕೆ ಅದು ಆಕೆಯ ಹಾಡಾಯಿತು.

ನಮ್ಮ ಹಿರಿಯರು ಈ ತೊಡಕನ್ನು ಮೊದಲೇ ಕಂಡಿದ್ದರೋ ಏನೋ! ಉಡುತಡಿಯ ಅಕ್ಕಮಹಾದೇವಿಯ ವಚನದಲ್ಲಿ ‘ಚೆನ್ನಮಲ್ಲಿಕಾರ್ಜುನ’, ಬಳ್ಳಿಗಾವಿಯ ಅಲ್ಲಮನ ವಚನದಲ್ಲಿ ‘ಗುಹೇಶ್ವರ’, ದಾಸರ ಪದಗಳಲ್ಲಿ ‘ಪುರಂದರವಿಠಲ’. ಹೀಗೆ ಅಂಕಿತವು ಹಾಡಿನ ಒಳಗೇ ಕುಳಿತಿದೆ. ಯಾರೇ ಹಾಡಲಿ, ಕೊನೆಗೆ ಕರ್ತೃವನ್ನು ನೆನೆಯದೆ ಮುಗಿಸುವಂತಿಲ್ಲ. ಹೊಸಗಾಲದ ಕವಿಗೆ ಅಂಕಿತವಿಲ್ಲ. 1965ರಲ್ಲಿ ಆರಂಭವಾದ ನಮ್ಮ ಭದ್ರಾವತಿ ಆಕಾಶವಾಣಿಯಲ್ಲಿ ಹಾಡಿಗೆ ಮುನ್ನ ಸಾಹಿತ್ಯ ಯಾರದೆಂದು ಹೇಳುವುದನ್ನು ಕೇಳಿ ಬೆಳೆದೆನೆಂದು ನನ್ನ ತಂದೆ ಹೇಳುತ್ತಾರೆ. ನಮ್ಮ ಕೈಯ ಮೊಬೈಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನಾಯಕನಟನ ಮುಖ!

ಹಾಗೆಂದ ಮಾತ್ರಕ್ಕೆ ಊಹೆಯ ಆಟ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಊಹಿಸಹೊರಟವನು ಹಾಡನ್ನು ಕಿವಿಗೊಟ್ಟು ಕೇಳಬೇಕಾಗುತ್ತದೆ. ಧಾರವಾಡದ ಮಾತು ಸುಳಿದರೆ ಒಂದು ಗುರುತು. ಮಲೆನಾಡಿನ ಕಾಡು ಕಂಡರೆ ಇನ್ನೊಂದು. ಗಂಡಹೆಂಡಿರ ಮನೆವಾರ್ತೆ ಹಿತವಾಗಿ ಬಂದರೆ ‘ಮೈಸೂರು ಮಲ್ಲಿಗೆ’ಯ ನರಸಿಂಹಸ್ವಾಮಿಯವರಿರಬಹುದೆಂಬ ಸಂಶಯ. ತರಗತಿಯಲ್ಲಿ ಕಲಿಯದ ಶೈಲಿವಿಚಾರವನ್ನು ನಾನು ಬಸ್ಸಿನಲ್ಲಿ ಕಲಿತೆ. ಆದರೆ ಊಹೆಯಲ್ಲೇ ನಿಂತುಬಿಟ್ಟರೆ ಅನ್ಯಾಯವಾಗುತ್ತದೆ. ವಿಜಯನಾರಸಿಂಹ, ಗೀತಪ್ರಿಯ, ಕು.ರ. ಸೀತಾರಾಮಶಾಸ್ತ್ರಿ ಇಂಥವರ ದುಡಿಮೆಯೆಲ್ಲ ನಮ್ಮ ಬಾಯಲ್ಲಿ ಹೆಚ್ಚು ಹೆಸರಾದವರ ಖಾತೆಗೆ ಜಮೆಯಾಗುತ್ತದೆ.

ಇದಕ್ಕಿಂತಲೂ ದೊಡ್ಡ ತಪ್ಪೊಂದನ್ನು ನಾನು ಮಾಡಿದ್ದೇನೆ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ಒಳ್ಳೆಯದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮವ್ವ ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಾಳೆ. ಅವಳಿಗೆ ಓದು ಬಾರದು. ಕಳೆದ ವರ್ಷ ಜನಪದ ಗೀತೆಗಳನ್ನು ಸಂಗ್ರಹಿಸಿ ತರಬೇಕೆಂದು ತರಗತಿಯಲ್ಲಿ ಹೇಳಿದಾಗ, ಅವಳಿಂದ ಒಂದು ನಾಟಿಹಾಡು ಹೇಳಿಸಿ ಬರೆದುಕೊಂಡೆ. ಮೇಲೆ ‘ಕರ್ತೃ: ಅಜ್ಞಾತ’ ಎಂದು ಗುಂಡಾಗಿ ಬರೆದು ಓದಿ ಹೇಳಿದೆ.

“ಅಜ್ಞಾತ ಅಂದ್ರೇನು ಮಗಾ?” ಎಂದಳು.

“ಯಾರು ಕಟ್ಟಿದ್ದೋ ಗೊತ್ತಿಲ್ಲ ಅಂತ ಕಣವ್ವ.”

“ಯಾರಿಗೆ ಗೊತ್ತಿಲ್ಲ? ನೀನು ನನ್ನ ಕೇಳ್ದೇನು?”

ಕೇಳಿರಲಿಲ್ಲ. ಕೇಳಿದ ಮೇಲೆ ತಿಳಿದದ್ದಿಷ್ಟು. ಮೊದಲ ನುಡಿ ಅಜ್ಜಿಗೆ ಅವಳ ಹಿರಿಯರಿಂದ ಬಂದದ್ದು. ನಾಲೆಗೆ ನೀರು ತಡವಾದ ವರ್ಷದ ಸಂಕಟ ಹೇಳುವ ಎರಡನೆಯ ನುಡಿ ಅಜ್ಜಿಯೇ ಕಟ್ಟಿದ್ದು. ಬೆಳಗಿನ ಬಸ್ಸಿಗೆ ಮಗನನ್ನು ಹತ್ತಿಸಿ ಗದ್ದೆಗೆ ಹೋಗುವ ತಾಯಿಯ ಮಾತಿರುವ ಕೊನೆಯ ನುಡಿ ನಮ್ಮವ್ವನದು. ಅದೇ ಬಸ್ಸಿನಲ್ಲಿ ಕುಳಿತು ಬೇಂದ್ರೆಯೋ ಕುವೆಂಪುವೋ ಎಂದು ಊಹಿಸುತ್ತಿದ್ದ ನನಗೆ, ನನ್ನ ಕೈಯಾರೆ ಬರೆದುಕೊಂಡ ಹಾಡಿನಲ್ಲಿದ್ದ ಮಗನು ನಾನೇ ಎಂಬುದು ಹೊಳೆಯಲಿಲ್ಲ. ಪುಸ್ತಕದಲ್ಲಿ ‘ಅಜ್ಞಾತ’ವನ್ನು ಹೊಡೆದುಹಾಕಿ ಮೂರು ನುಡಿಗಳಿಗೂ ಬೇರೆ ಬೇರೆಯಾಗಿ ಬರೆದೆ: ಹಿರಿಯರದು, ಅಜ್ಜಿಯದು, ಅವ್ವನದು.

ಎಲ್ಲ ಜನಪದ ಗೀತೆಗೂ ಕರ್ತೃ ಸಿಕ್ಕಿಯಾನೆಂದು ನಾನು ವಾದಿಸುವುದಿಲ್ಲ. ನೂರಾರು ಬಾಯಿಗಳಲ್ಲಿ ಉರುಳಿ ನುಣುಪಾದ ಹಾಡು ಊರಿನದೇ ಸರಿ. ಆದರೆ ವಿಚಾರಿಸಿದರೂ ತಿಳಿಯದಾಗ ಬರೆಯುವ ‘ಅಜ್ಞಾತ’ವೇ ಬೇರೆ, ವಿಚಾರಿಸದೆ ಬರೆಯುವ ‘ಅಜ್ಞಾತ’ವೇ ಬೇರೆ. ಎರಡನೆಯದು ನಮ್ಮ ಸೋಮಾರಿತನಕ್ಕೆ ನಾವು ಕೊಟ್ಟುಕೊಂಡ ಹೆಸರು.

ಆದಕಾರಣ ಅಧ್ಯಾಪಕ ಮಹನೀಯರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ. ಮುಂದಿನ ವಾರ್ಷಿಕೋತ್ಸವದ ಗಾಯನಸ್ಪರ್ಧೆಯಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ಹಾಡುವ ಮುನ್ನ ಬರೆದವರ ಹೆಸರು ಹೇಳಲಿ. ಜನಪದ ಗೀತೆಯ ಸಂಗ್ರಹದಲ್ಲಿ ‘ಯಾರಿಂದ ಕೇಳಿದ್ದು, ಯಾರು ಸೇರಿಸಿದ್ದು’ ಎಂಬ ಒಂದು ಕಲಮು ಇರಲಿ. ಇದಕ್ಕೆ ಖರ್ಚಿಲ್ಲ, ಬೇಕಾದದ್ದು ಕೇಳುವ ತಾಳ್ಮೆ.

ಬಸ್ಸಿನ ಆಟ ಇನ್ನೂ ನಡೆದಿದೆ. ಮೊನ್ನೆ ನನ್ನ ಸರದಿ ಬಂದಾಗ ಅವ್ವನ ನುಡಿಯನ್ನು ಗುನುಗಿದೆ. ಯಾರೂ ಹೇಳಲಾರದೆ ಹೋದರು. ಅಂದು ಸಂಜೆ ಮಾತ್ರ ಕಾಫಿಗೆ ನಾನು ಕಾಸು ಕೊಡಲಿಲ್ಲ.