ಪ್ರೋಟೀನಿನ ಪೊರೆಯೂ ಬಯಲುಸೀಮೆಯ ನೀರೂ

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಅಂಥ ಹಂಸವನ್ನು ಪ್ರಾಣಿಶಾಸ್ತ್ರಜ್ಞರು ಯಾವ ಸರೋವರದಲ್ಲಿಯೂ ಕಂಡಿಲ್ಲ. ಆದರೆ ನೀರನ್ನು ಮಾತ್ರ ಒಳಕ್ಕೆ ಬಿಟ್ಟು, ಅದರಲ್ಲಿ ಕರಗಿರುವ ಲವಣವನ್ನು ಹೊರಗೇ ತಡೆದು ನಿಲ್ಲಿಸುವ ಪದಾರ್ಥವೊಂದು ನಮ್ಮೆಲ್ಲರ ರಕ್ತಕಣಗಳಲ್ಲಿಯೇ ಉಂಟು. ಅಕ್ವಪೋರಿನ್ ಎಂದು ಅದರ ಹೆಸರು; ಅದೊಂದು ಪ್ರೋಟೀನು. ನೀರು ಸೋಸುವ ಕೃತಕ ಪೊರೆಗಳಲ್ಲಿ ಇದನ್ನು ಹುದುಗಿಸುವ ಪ್ರಯತ್ನ ಈ ಶತಮಾನದ ಆರಂಭದಿಂದ ನಡೆದಿದೆ. ಅಂಥ ಪೊರೆಗಳು ಮಾರುಕಟ್ಟೆಗೂ ಬಂದಿವೆ. ಇದರಿಂದ ಕುಡಿಯುವ ನೀರಿನ ಬವಣೆಯೇ ನೀಗಿತೆಂದು ಉತ್ಸಾಹದಿಂದ ನುಡಿಯುವವರಿದ್ದಾರೆ. ಈ ಮಾತು ಎಲ್ಲಿ ನಿಜ, ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ವಿಚಾರಮಾಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಜೀವಕೋಶವನ್ನು ಸುತ್ತುವರಿದ ಪೊರೆಯು ಮುಖ್ಯವಾಗಿ ಕೊಬ್ಬಿನ ಜಾತಿಯ ಪದಾರ್ಥದಿಂದಾದುದು. ಎಣ್ಣೆಗೂ ನೀರಿಗೂ ಆಗಿಬಾರದೆಂಬುದು ಸರ್ವವಿದಿತ. ಹೀಗಿದ್ದೂ ಕೆಂಪು ರಕ್ತಕಣಗಳ ಒಳಕ್ಕೂ ಹೊರಕ್ಕೂ ನೀರು ಬಹು ವೇಗವಾಗಿ ಹರಿದಾಡುವುದೆಂತು? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪೀಟರ್ ಆಗ್ರೆ ಮತ್ತು ಅವರ ಸಂಗಡಿಗರು 1992ರಲ್ಲಿ ಇದಕ್ಕೆ ಉತ್ತರವಿತ್ತರು. ಕಪ್ಪೆಯ ಮೊಟ್ಟೆ ಸಾಮಾನ್ಯವಾಗಿ ನೀರನ್ನು ಬೇಗನೆ ಹೀರುವುದಿಲ್ಲ. ರಕ್ತಕಣದಲ್ಲಿ ದೊರೆತ ಒಂದು ಪ್ರೋಟೀನನ್ನು ಆ ಮೊಟ್ಟೆಯೇ ತಯಾರಿಸಿಕೊಳ್ಳುವಂತೆ ಅವರು ಏರ್ಪಡಿಸಿ, ಅನಂತರ ಅದನ್ನು ತೆಳುವಾದ ದ್ರಾವಣದಲ್ಲಿಟ್ಟರು. ಕೆಲವೇ ನಿಮಿಷಗಳಲ್ಲಿ ಮೊಟ್ಟೆ ಉಬ್ಬಿ ಒಡೆಯಿತು! ನೀರಿನ ಬಾಗಿಲು ಯಾವುದೆಂಬುದು ಹೀಗೆ ಸಿದ್ಧವಾಯಿತು. ಆಗ್ರೆಯವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗ ಸಂದಿತು.

ಈ ಬಾಗಿಲಿನ ರಚನೆ ಅಚ್ಚರಿ ಹುಟ್ಟಿಸುವಂಥದು. ಮರಳುಗಡಿಯಾರದಂತೆ ಎರಡು ತುದಿಗಳಲ್ಲಿ ಅಗಲವಾಗಿ, ನಡುವೆ ಕಿರಿದಾಗಿರುವ ನಾಳವಿದು. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ, ಅಂಥ ಮೂರು ಪಾಲುಗಳಿಗಿಂತ ತುಸು ಕಡಮೆಯೇ ಇದರ ಅತಿ ಕಿರಿದಾದ ಎಡೆಯ ಅಗಲ. ನೀರಿನ ಅಣುಗಳು ಒಂದರ ಹಿಂದೊಂದಾಗಿ ಮಾತ್ರ ನುಸುಳಬಲ್ಲವು. ಲವಣದ ಅಯಾನುಗಳಾದರೋ ತಮ್ಮ ಸುತ್ತ ನೀರಿನ ಅಣುಗಳ ಕವಚವನ್ನು ತೊಟ್ಟಿರುವುದರಿಂದ ಅಲ್ಲಿ ಹಿಡಿಸಲಾರವು. ಜೊತೆಗೆ ಆ ಎಡೆಯಲ್ಲಿ ಧನ ವಿದ್ಯುದಂಶವುಳ್ಳ ಭಾಗವೊಂದು ಕಾವಲುಗಾರನಂತೆ ನಿಂತು ಧನ ಅಯಾನುಗಳನ್ನು ಹಿಂದಕ್ಕೆ ತಳ್ಳುತ್ತದೆ. ಇಷ್ಟು ಬಿಗಿಯಾದ ಕಾವಲಿದ್ದರೂ ಇಂಥ ಒಂದೇ ನಾಳದಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಹಾಯ್ದುಹೋಗಬಲ್ಲವು.

ಉತ್ಸಾಹಿಗಳು ಎಡವುವುದು ಇಲ್ಲಿಯೇ. ಅಕ್ವಪೋರಿನ್ ಬಾಗಿಲೇ ಹೊರತು ಪಂಪಲ್ಲ. ತೆಳುದ್ರಾವಣದ ಕಡೆಯಿಂದ ಗಟ್ಟಿದ್ರಾವಣದ ಕಡೆಗೆ ಹರಿಯುವುದು ನೀರಿನ ಸಹಜ ಪ್ರವೃತ್ತಿ. ಇದಕ್ಕೆ ಅಭಿಸರಣವೆಂದು ಹೆಸರು. ಉಪ್ಪುನೀರಿನಿಂದ ಸಿಹಿನೀರನ್ನು ಪಡೆಯಬೇಕಾದರೆ ಈ ಪ್ರವೃತ್ತಿಗೆ ಎದುರಾಗಿ ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ಹಾಯಿಸಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಸೌರಿರಾಜನ್ ಅವರು 1960ರ ಸುಮಾರಿಗೆ ಸಿದ್ಧಪಡಿಸಿದ ಪೊರೆಯಿಂದ ಈ ಹಿಮ್ಮುಖ ಅಭಿಸರಣ ವ್ಯವಹಾರಕ್ಕೆ ತಕ್ಕುದಾಯಿತು. ಜನರು ಆರ್.ಓ. ಎಂದು ಕರೆಯುವುದು ಇದನ್ನೇ.

ಸಮುದ್ರದ ನೀರಿನ ಅಭಿಸರಣದ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 27 ಪಟ್ಟು. ಪೊರೆ ಎಂಥದೇ ಆಗಿರಲಿ, ಇದನ್ನು ಮೀರಿದ ಒತ್ತಡ ಹಾಕದೆ ಹನಿ ನೀರೂ ದಕ್ಕದು. ಸಮುದ್ರದ ನೀರಿನಲ್ಲಿ ಅರ್ಧದಷ್ಟನ್ನು ಸಿಹಿಯಾಗಿಸಲು ಸಾವಿರ ಲೀಟರಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಬೇಕೇ ಬೇಕು; ಇದು ಉಷ್ಣಚಲನಶಾಸ್ತ್ರ ವಿಧಿಸಿದ ಕನಿಷ್ಠ ತೆರಿಗೆ. ಇದರಲ್ಲಿ ರಿಯಾಯಿತಿ ಕೊಡಿಸುವ ಶಕ್ತಿ ಯಾವ ಪ್ರೋಟೀನಿಗೂ ಇಲ್ಲ. ನಮ್ಮ ಮೂತ್ರಪಿಂಡಗಳನ್ನೇ ನೋಡಿರಿ. ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಹೊರಹಾಕಿ, ಉಳಿದುದನ್ನೆಲ್ಲ ಅವು ರಕ್ತಕ್ಕೆ ಹಿಂದಿರುಗಿಸುತ್ತವೆ. ನೀರು ಹಿಂದಿರುಗುವ ಬಾಗಿಲು ಅಕ್ವಪೋರಿನ್ ಎಂಬುದೇನೋ ನಿಜ. ಆದರೆ ಲವಣವನ್ನು ಮೊದಲು ಎತ್ತಿ ಸಾಗಿಸುವ ಶ್ರಮವನ್ನು ಜೀವಕೋಶಗಳು ನಾವುಂಡ ಅನ್ನದ ಶಕ್ತಿಯಿಂದಲೇ ಮಾಡುತ್ತವೆ. ನೀರು ಅದನ್ನು ಹಿಂಬಾಲಿಸುತ್ತದೆ.

ಹಾಗಾದರೆ ಪ್ರೋಟೀನಿನ ಪೊರೆ ನಿರರ್ಥಕವೇ? ಹಾಗಲ್ಲ. ಅದರ ನಿಜವಾದ ಪ್ರಯೋಜನವನ್ನು ಕಡಲತೀರದಲ್ಲಿ ಹುಡುಕುವ ಬದಲು ಕೋಲಾರ, ಚಿಕ್ಕಬಳ್ಳಾಪುರಗಳಂಥ ಬಯಲುಸೀಮೆಯಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿನ ಆಳವಾದ ಕೊಳವೆಬಾವಿಗಳ ನೀರಿಗೆ ಬಂಡೆಗಳಿಂದ ಫ್ಲೋರೈಡು ಸೇರುತ್ತದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರಕೂಡದೆಂದೂ, ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ 1.5ರವರೆಗೆ ಸಹಿಸಬಹುದೆಂದೂ ನಮ್ಮ ದೇಶದ ಮಾನಕವಿದೆ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆ ಕೀಲುಗಳೇ ಬಿಗಿದುಹೋಗುತ್ತವೆ. ಇದಕ್ಕಾಗಿಯೇ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ.

ಈಗ ಲೆಕ್ಕವನ್ನು ಗಮನಿಸಿರಿ. ಸಮುದ್ರದ ಲೀಟರು ನೀರಿನಲ್ಲಿ ಸುಮಾರು 35,000 ಮಿಲಿಗ್ರಾಂ ಲವಣವಿರುತ್ತದೆ. ಕೊಳವೆಬಾವಿಯ ನೀರಿನಲ್ಲಿ 1,000 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಅದರ ಅಭಿಸರಣದ ಒತ್ತಡ ಒಂದು ವಾಯುಮಂಡಲದಷ್ಟೂ ಇಲ್ಲ. ಮುಕ್ಕಾಲು ಪಾಲು ನೀರನ್ನು ತೆಗೆದುಕೊಂಡು ಉಳಿದುದು ನಾಲ್ಕು ಪಟ್ಟು ಗಟ್ಟಿಯಾದರೂ ಆ ಒತ್ತಡ ಮೂರನ್ನು ಮುಟ್ಟದು. ಆದರೂ ಮನೆಯ ಚಿಕ್ಕ ಯಂತ್ರವೇ ನಾಲ್ಕೈದು ವಾಯುಮಂಡಲದಷ್ಟು ಒತ್ತಡ ಹಾಕುತ್ತದೆ. ಹಳ್ಳಿಯ ಘಟಕಗಳು ಇನ್ನೂ ಹೆಚ್ಚು. ಈ ಹೆಚ್ಚಳದ ಬಹುಭಾಗ ಪೊರೆಯ ಪ್ರತಿರೋಧವನ್ನು ಗೆಲ್ಲುವುದಕ್ಕೇ ವ್ಯಯವಾಗುತ್ತದೆ. ಇಲ್ಲಿ ನಾವು ತೆರುತ್ತಿರುವುದು ಪ್ರಕೃತಿಯ ತೆರಿಗೆಗಿಂತ ಹೆಚ್ಚಾಗಿ ಪೊರೆಯ ಸುಂಕವನ್ನು. ಅದನ್ನು ಇಳಿಸಲು ಒಳ್ಳೆಯ ಬಾಗಿಲು ನೆರವಾಗಬಲ್ಲದು.

ಹೀಗೆಂದಮಾತ್ರಕ್ಕೆ ಎಲ್ಲವೂ ಸುಲಭವಾಯಿತೆಂದು ತಿಳಿಯಬಾರದು. ಬಾಗಿಲು ಎಷ್ಟೇ ಭದ್ರವಾಗಿದ್ದರೂ ಗೋಡೆಯಲ್ಲಿ ಬಿರುಕಿದ್ದರೆ ಫಲವೇನು? ಪ್ರೋಟೀನಿಗೂ ಅದನ್ನು ಹಿಡಿದಿರುವ ಪ್ಲಾಸ್ಟಿಕ್ಕಿನ ಪೊರೆಗೂ ನಡುವೆ ಸಂದು ಉಳಿದರೆ ಲವಣ ಅಲ್ಲಿಂದಲೇ ನುಸುಳುತ್ತದೆ. ಪ್ರಕೃತಿದತ್ತವಾದುದೆಲ್ಲ ನಿರಪಾಯವೆಂಬ ನಂಬಿಕೆಯೂ ಸಲ್ಲದು: ಇದೇ ಮನೆತನದ ಕೆಲವು ಪ್ರೋಟೀನುಗಳು ಗ್ಲಿಸರಾಲನ್ನೂ, ಒಂದು ರೂಪದ ಆರ್ಸೆನಿಕ್ಕನ್ನೂ ಧಾರಾಳವಾಗಿ ಒಳಬಿಡುತ್ತವೆ. ಇನ್ನು ಪೋಲಾಗುವ ನೀರಿನ ಪ್ರಶ್ನೆ. ಮನೆಯ ಯಂತ್ರಗಳಲ್ಲಿ ಅನೇಕವು ಕೊಡುವುದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಚೆಲ್ಲುತ್ತವೆ. ಇದಕ್ಕೆ ಒಂದು ಮುಖ್ಯ ಕಾರಣ ಗಡಸುನೀರಿನ ಸುಣ್ಣದಂಶ; ನೀರು ಗಟ್ಟಿಯಾದಷ್ಟೂ ಅದು ಪೊರೆಯ ಮೇಲೆ ಹೆಪ್ಪುಗಟ್ಟುತ್ತದೆ. ಪ್ರೋಟೀನಿನಿಂದ ಇದಕ್ಕೆ ಪರಿಹಾರವಿಲ್ಲ. ಫ್ಲೋರೈಡು ಸಾಂದ್ರವಾಗಿರುವ ಆ ಉಳಿಕೆನೀರನ್ನು ಘಟಕದ ಹಿಂದಿನ ಗುಂಡಿಗೆ ಬಿಟ್ಟರೆ ಅದು ಮತ್ತೆ ನೆಲಕ್ಕೇ ಇಳಿಯುತ್ತದೆ. ಆರ್.ಓ. ಯಂತ್ರಗಳಿಗೆ ಅನುಮತಿಯಿರುವಲ್ಲಿ ನೂರಕ್ಕೆ 60ರಷ್ಟು ನೀರಾದರೂ ಬಳಕೆಗೆ ದಕ್ಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿ ಸೂಚಿಸಿದ್ದು ಉಚಿತವೇ ಆಗಿದೆ.

ಆದುದರಿಂದ ಪ್ರೋಟೀನಿನ ಪೊರೆಯನ್ನು ತಂದು ತೋರಿಸುವವರಿಗೆ ನಾಲ್ಕು ಪ್ರಶ್ನೆಗಳನ್ನು ಹಾಕಬೇಕೆಂದು ನಾವು ಸೂಚಿಸುತ್ತೇವೆ. ಸಾವಿರ ಲೀಟರಿಗೆ ಎಷ್ಟು ವಿದ್ಯುತ್ತು? ಅದಕ್ಕಾಗಿ ಎಷ್ಟು ನೀರು ಪೋಲು? ಹೊರಬಂದ ನೀರಿನಲ್ಲಿ ಎಷ್ಟು ಫ್ಲೋರೈಡು? ಪೊರೆ ಎಷ್ಟು ತಿಂಗಳು ಬಾಳುತ್ತದೆ? ಉತ್ತರವನ್ನು ಪ್ರಯೋಗಶಾಲೆಯಲ್ಲಿ ಬಟ್ಟಿಯಿಳಿಸಿದ ನೀರಿಗೆ ಅಡಿಗೆಯ ಉಪ್ಪು ಬೆರಸಿ ಕಂಡುಹಿಡಿದರೆ ಸಾಲದು. ಬೇಸಗೆಯ ಕೊಳವೆಬಾವಿಯ ನೀರಿನಲ್ಲಿಯೇ ಪರೀಕ್ಷಿಸಬೇಕು. ಒತ್ತಡವನ್ನೂ ಹರಿವನ್ನೂ ವಿದ್ಯುತ್ತನ್ನೂ ಅಳೆಯುವ ಸಲಕರಣೆಗಳು ನಮ್ಮ ಕಾಲೇಜುಗಳಿಗೆ ದುರ್ಲಭವಲ್ಲ. ಬಯಲುಸೀಮೆಯ ಕಾಲೇಜುಗಳು ಹತ್ತಿರದ ಘಟಕವೊಂದರಲ್ಲಿ ಹಳೆಯ ಪೊರೆಯನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ವರ್ಷಕಾಲ ಪರೀಕ್ಷಿಸಬಹುದು. ದೊರೆತ ಅಂಕಿಗಳನ್ನು ಆ ಘಟಕದ ಗೋಡೆಯ ಮೇಲೆಯೇ ಕನ್ನಡದಲ್ಲಿ ಬರೆಸಬೇಕು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಜನರಿಗೆ ತಾವು ಕುಡಿಯುವ ನೀರಿನ ಲೆಕ್ಕವನ್ನು ಓದಿ ತಿಳಿಯುವ ಹಕ್ಕು ಉಂಟು.