ಪಾಪನಿವೇದನೆಯೂ ಸಿಂಧುತ್ವದ ಸಂಶಯವೂ

ಕಥೋಲಿಕ ಕ್ರೈಸ್ತರಲ್ಲಿ ಪೂರ್ವಾಚಾರಪಕ್ಷವೆಂಬುದೊಂದು ಉಂಟು. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜಾವಿಧಿಗಳಲ್ಲಿ ಆದ ಮಾರ್ಪಾಡುಗಳು ಆ ಪಕ್ಷದವರಿಗೆ ಸಮ್ಮತವಲ್ಲ. ಅವರೊಳಗೆ ಅತಿನಿಷ್ಠರಾದ ಕೆಲವರು, ಹೊಸ ವಿಧಿಯಂತೆ ದೀಕ್ಷೆಹೊಂದಿದ ಗುರುವಿನ ಬಳಿ ಮಾಡಿದ ಪಾಪನಿವೇದನೆಯು ಸಿಂಧುವೇ ಅಲ್ಲವೆಂದು ಶಂಕಿಸುವರು. ಶಿವಮೊಗ್ಗೆಯಲ್ಲಿ ಅಂಥ ಭಕ್ತನೊಬ್ಬನಿದ್ದರೆ ಅವನ ಗತಿಯೇನು? ತಮಿಳುನಾಡಿನ ಪಾಳಯಂಕೋಟೆಯಲ್ಲಿರುವ ಪೂರ್ವಾಚಾರದ ಗುರುಗಳಲ್ಲಿಗೆ ಹೋಗುವ ತನಕ ಪಾಪಭಾರವನ್ನು ಹೊತ್ತೇ ಇರಬೇಕೆ? ಬೇಕಿಲ್ಲವೆಂಬುದು ನಮ್ಮ ಪಕ್ಷ. ಇದನ್ನು ನವೀನರ ಮಾತಿನಿಂದಲ್ಲ, ಪ್ರಾಚೀನರ ಶಾಸ್ತ್ರದಿಂದಲೇ ಸಾಧಿಸುವೆವು.

ದೇವರಿಗೂ ಮನುಷ್ಯನಿಗೂ ನಡುವೆ ಮಧ್ಯಸ್ಥನೇಕೆ ಎಂದು ನಗುವ ವಿದ್ಯಾವಂತರಿಗೆ ಮೊದಲು ಒಂದು ಮಾತು. ನಮ್ಮ ಧರ್ಮಶಾಸ್ತ್ರದಲ್ಲಿಯೂ ದೋಷಿಯಾದವನು ಪರಿಷತ್ತಿನ ಮುಂದೆ ತನ್ನ ಕೃತ್ಯವನ್ನು ಹೇಳಿಕೊಂಡು, ಪ್ರಾಯಶ್ಚಿತ್ತವನ್ನು ಅದರಿಂದಲೇ ತಿಳಿಯತಕ್ಕದ್ದು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಲ್ಲವನು ಯಾರು? ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆಯು ವಿಧಿಸಿತು. ಗುರುವು ನೀಡುವ ಪಾಪವಿಮೋಚನೆಯು ನ್ಯಾಯಾಧೀಶನ ತೀರ್ಪಿನಂಥದೆಂದು 1551ರಲ್ಲಿ ಟ್ರೆಂಟ್ ಮಹಾಸಭೆಯು ನಿರ್ಣಯಿಸಿತು. ಆದುದರಿಂದ ತೀರ್ಪುಕೊಡುವವನಿಗೆ ಅಧಿಕಾರವುಂಟೇ ಎಂಬ ಪ್ರಶ್ನೆಯು ಹಾಸ್ಯಾಸ್ಪದವಲ್ಲ. ಪ್ರಶ್ನೆ ಯುಕ್ತವಾದುದೇ, ಶಂಕಿತನು ಹೇಳಿಕೊಳ್ಳುವ ಉತ್ತರವು ಅಯುಕ್ತ.

ವಿಮೋಚನೆಯ ಮಂತ್ರವೇ ಬದಲಾಯಿತೆಂಬುದು ಮೊದಲನೆಯ ಪೂರ್ವಪಕ್ಷ. 1973ರಲ್ಲಿ ಹೊಸ ಕ್ರಮವು ಬಂದುದು ನಿಜ. ಆದರೆ ಪಾಪದಿಂದ ಬಿಡಿಸುವ ಪ್ರಧಾನವಾಕ್ಯವು ಹಿಂದಿನದೇ. ಬದಲಾದುದು ಅದರ ಸುತ್ತಣ ಪ್ರಾರ್ಥನೆಗಳು. ಅಂಗವು ಬೇರೆಯಾದರೆ ಪ್ರಧಾನವು ಕೆಟ್ಟಿತೆನ್ನುವುದು ಯಾವ ಮೀಮಾಂಸೆ? ಲತೀನ್ ಭಾಷೆಯೇ ಬೇಕೆಂದರೆ, ಗ್ರೀಕ್ ಮತ್ತು ಸಿರಿಯಕ್ ಭಾಷೆಗಳಲ್ಲಿ ನಡೆದ ಪೂರ್ವದೇಶದ ಸಂಸ್ಕಾರಗಳನ್ನು ರೋಮ್ ಸಿಂಧುವೆಂದೇ ಒಪ್ಪಿತ್ತಷ್ಟೆ.

ಗುರುವು ಶಿಥಿಲಾಚಾರನೆಂಬುದು ಎರಡನೆಯದು. ಇದು ಆಫ್ರಿಕದ ಡೊನಾಟಿಸ್ಟರ ಹಳೆಯ ವಾದ. ಸಂಸ್ಕಾರದ ಫಲವು ಕ್ರಿಸ್ತನದು, ಕೊಡುವವನ ಶೀಲಕ್ಕೆ ಅಧೀನವಲ್ಲವೆಂದು ಸಂತ ಆಗಸ್ಟೀನರು ಅದನ್ನು ಖಂಡಿಸಿದರು. ಪಾಪಿಯಾದ ಗುರುವಿಗೂ ಈ ಅಧಿಕಾರ ಉಂಟೆಂದು ಟ್ರೆಂಟ್ ಸಭೆಯೂ ಹೇಳಿತು. ಪೂರ್ವಾಚಾರದ ಹೆಸರಿನಲ್ಲಿ ಪೂರ್ವಾಚಾರವೇ ತಳ್ಳಿಹಾಕಿದ ಮತವನ್ನು ಹಿಡಿಯುವುದು ವಿಪರ್ಯಾಸವಲ್ಲವೆ?

1968ರ ಗುರುದೀಕ್ಷಾವಿಧಿಯೇ ಸಂದಿಗ್ಧವೆಂಬುದು ಮೂರನೆಯದು. ದೀಕ್ಷೆಗೆ ಹಸ್ತಸ್ಥಾಪನೆಯೇ ಮುಖ್ಯವೆಂದು 1947ರಲ್ಲಿ ಹನ್ನೆರಡನೆಯ ಪಯಸ್ ಪರಮಗುರುಗಳು ನಿಶ್ಚಯಿಸಿದ್ದರು. ಹೊಸ ವಿಧಿಯಲ್ಲಿಯೂ ಅದು ಉಳಿದಿದೆ. ಇಷ್ಟಕ್ಕೂ ಸಮಾಧಾನವಾಗದಿದ್ದರೆ, ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಗೆ ಹೋಗಬಹುದು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರವು ಲತೀನ್ ವಿಧಿಯದು. 2007ರಲ್ಲಿ ಸ್ಥಾಪಿತವಾದ ಭದ್ರಾವತಿಯದು ಸಿರೋ-ಮಲಬಾರ್ ವಿಧಿಯದು. 1968ರ ಮಾರ್ಪಾಡು ಲತೀನ್ ವಿಧಿಗೆ ಮಾತ್ರ ಸಂಬಂಧಿಸಿದುದು. ಅನ್ಯವಿಧಿಯ ಗುರುವಾದರೂ ಅಧಿಕಾರವುಳ್ಳವನಾದರೆ ಅವನಲ್ಲಿ ಪಾಪನಿವೇದನೆ ಮಾಡಬಹುದೆಂದು 1983ರ ಧರ್ಮಸಂಹಿತೆಯು ಹೇಳುತ್ತದೆ; ಪೂರ್ವಾಚಾರದವರು ಮಾನ್ಯಮಾಡುವ 1917ರ ಸಂಹಿತೆಯೂ ಅದನ್ನೇ ಹೇಳಿತ್ತು.

ಇನ್ನೊಂದು ವಿಚಿತ್ರವನ್ನು ನೋಡಿರಿ. ಶಂಕಿತನು ಆಶ್ರಯಿಸಬಯಸುವ ಸಂತ ಹತ್ತನೆಯ ಪಯಸ್ಸರ ಗುರುಸಂಘವನ್ನು 1970ರಲ್ಲಿ ಕಟ್ಟಿದವರು ಧರ್ಮಾಧ್ಯಕ್ಷ ಮಾರ್ಸೆಲ್ ಲಫೆವ್ರರು. 1988ರಲ್ಲಿ ಅವರು ಪರಮಗುರುಗಳ ಅನುಜ್ಞೆಯಿಲ್ಲದೆ ನಾಲ್ವರು ಧರ್ಮಾಧ್ಯಕ್ಷರನ್ನು ಅಭಿಷೇಕಿಸಿದರು. ಆ ಸಂಘದ ಗುರುಗಳಿಗೆ ಪಾಪವಿಮೋಚನೆಯ ಅಧಿಕಾರವುಂಟೇ ಎಂಬುದೇ ಬಹುಕಾಲ ವಿವಾದವಾಗಿತ್ತು. ಆ ಅಧಿಕಾರವನ್ನು 2015ರಲ್ಲಿ ದಯಪಾಲಿಸಿ 2016ರಲ್ಲಿ ಮುಂದುವರಿಸಿದವರು ಫ್ರಾನ್ಸಿಸ್ ಪರಮಗುರುಗಳು. ರೋಮ್ ಕೊಟ್ಟ ಅಧಿಕಾರವು ಪಾಳಯಂಕೋಟೆಯಲ್ಲಿ ಪ್ರಮಾಣವಾದರೆ ಶಿವಮೊಗ್ಗೆಯಲ್ಲಿ ಅಪ್ರಮಾಣವಾಗುವುದೆಂತು?

ಮರಣಸಮಯದಲ್ಲಿ ಯಾವ ಗುರುವೇ ಆಗಲಿ ವಿಮೋಚನೆ ನೀಡಬಹುದೆಂದು ಟ್ರೆಂಟ್ ಸಭೆಯೇ ಹೇಳಿರುವಾಗ, ಶಾಸ್ತ್ರವು ತೆರೆದಿಟ್ಟ ಬಾಗಿಲನ್ನು ಭಕ್ತನು ತಾನೇ ಮುಚ್ಚಿಕೊಳ್ಳುವುದು ನಿಷ್ಠೆಯಲ್ಲ. ಇತ್ತ ಗುರುಗಳಿಗೂ ಒಂದು ವಿಜ್ಞಾಪನೆ: ಹಳೆಯ ವಿಧಿಯನ್ನು ನೆನೆವ ವೃದ್ಧರನ್ನು ಹಾಸ್ಯಮಾಡದಿರಿ, ನಿವೇದನೆಗೆ ನಿಯತವಾದ ಹೊತ್ತನ್ನು ಗೊತ್ತುಮಾಡಿ, ಆ ಹೊತ್ತಿಗೆ ತಪ್ಪದೆ ಕುಳಿತಿರಿ. ಪಶ್ಚಾತ್ತಾಪವುಳ್ಳವನು ಅಧಿಕಾರವುಳ್ಳವನ ಮುಂದೆ ನಿಜವನ್ನು ಹೇಳಿ ವಿಮೋಚನೆ ಪಡೆದರೆ ಸಂಸ್ಕಾರವು ಸಿಂಧು. ಅಲ್ಲಿಂದ ಮುಂದೆ ಪರೀಕ್ಷಿಸಬೇಕಾದುದು ತನ್ನ ಮನಸ್ಸನ್ನೇ ಹೊರತು ಗುರುವಿನ ದೀಕ್ಷಾಪತ್ರವನ್ನಲ್ಲ.